ಕೆಂಪು ಬಾವುಟದವನ ಹೆಂಡತಿ

ದೌಂಡದಿಂದ ಪುಣೆಗೆ ಹೊರಡುವ ಬೆಳಗಿನ ಶಟಲ್ ರೈಲಿನಲ್ಲಿ ಹೆಂಗಸರ ಡಬ್ಬಿ ಒಂದು ಓಣಿ ಇದ್ದ ಹಾಗೆ. ಯಾರ ಮಗಳಿಗೆ ಗಂಡು ಗೊತ್ತಾಯಿತು, ಯಾರ ಅತ್ತೆ ಮುನಿಸಿಕೊಂಡಿದ್ದಾಳೆ, ಎಲ್ಲ ಎಲ್ಲರಿಗೂ ಗೊತ್ತು. ಇಂಡಿ ಕಡೆಯಿಂದ ಮದುವೆಯಾಗಿ ಬಂದ ರೇಣು ಆರು ವರ್ಷದಿಂದ ಆ ಓಣಿಯವಳು. ಹಡಪಸರದಲ್ಲಿ ಇಳಿದು ಮಗರಪಟ್ಟಾದ ಹನ್ನೊಂದನೇ ಮಹಡಿಯ ಮನೆಗೆ ಹೋಗುತ್ತಿದ್ದಳು. ಅಲ್ಲಿ ಲಕ್ವ ಹೊಡೆದು ಹಾಸಿಗೆ ಹಿಡಿದ ಲೀಲಾಕ್ಷಮ್ಮನವರನ್ನು ನೋಡಿಕೊಳ್ಳುವುದು ಅವಳ ಕೆಲಸ. ಆ ಅಮ್ಮನ ಗಂಡ ಒಂದು ಕಾಲಕ್ಕೆ ಕರಾವಳಿಯಿಂದ ಬಂದು ಸ್ವಾರಗೇಟದಲ್ಲಿ ಹೋಟೆಲು ನಡೆಸಿದ್ದವರು. ಈಗ ಮನೆಯಲ್ಲಿ ಉಳಿದವಳು ಮಗಳು ಜ್ಯೋತ್ಸ್ನಾ ಒಬ್ಬಳೇ. ರೇಣು ಒಳಗೆ ಕಾಲಿಟ್ಟ ಮೇಲೆಯೇ ಅವಳು ಆಫೀಸಿಗೆ ಹೊರಡಬೇಕು.

ಆ ಮಾರ್ಗಕ್ಕೆ ವಿದ್ಯುತ್ ತಂತಿ ಎಳೆಯುವ ಕೆಲಸ ಶುರುವಾದಾಗ ಎಲ್ಲರಿಗಿಂತ ಹೆಚ್ಚು ಸಂತೋಷಪಟ್ಟದ್ದು ರೇಣುವಿನ ಮನೆ. ಗುತ್ತಿಗೆದಾರನ ಗ್ಯಾಂಗಿನಲ್ಲಿ ಗಂಡ ಮಲಕಪ್ಪನಿಗೆ ಕೆಲಸ ಸಿಕ್ಕಿತ್ತು. ಅದಕ್ಕೆ ಮೊದಲು ಕಬ್ಬಿನ ಹಂಗಾಮಿದ್ದರೆ ದುಡಿಮೆ, ಇಲ್ಲದಿದ್ದರೆ ಕಟ್ಟೆ. ಈಗ ಹಳಿಯ ಪಕ್ಕ ಕಂಬ ನಿಲ್ಲಿಸುವವರ ಹತ್ತಿರ ಕೆಂಪು ಬಾವುಟ ಹಿಡಿದು ಕಾಯುವುದು ಅವನ ಪಾಲಿನ ಕೆಲಸ. ಕಿತ್ತಳೆ ಬಣ್ಣದ ಜಾಕೀಟು ಹಾಕಿಕೊಂಡು ಮೊದಲ ದಿನ ಮನೆಗೆ ಬಂದಾಗ, ಹನ್ನೊಂದು ವರ್ಷದ ಮಗಳು ಚಿನ್ನು ಅದನ್ನು ತಾನೇ ತೊಟ್ಟು ಓಣಿ ತುಂಬ ಓಡಾಡಿದ್ದಳು.

ಆಮೇಲೆ 'ಬ್ಲಾಕ್' ಎಂಬ ಮಾತು ಬಂತು. ಕೆಲಸಕ್ಕಾಗಿ ಹಳಿಯನ್ನು ಇಷ್ಟು ಗಂಟೆ ಮುಚ್ಚುತ್ತೇವೆ ಎಂದರೆ ಬ್ಲಾಕ್. ವಾರಕ್ಕೆ ಎರಡು ದಿನ ಶಟಲ್ ರದ್ದಾಯಿತು, ಆಮೇಲೆ ಮೂರು ದಿನ. ಓಡಿದ ದಿನವೂ ಎಲ್ಲಿ ನಿಲ್ಲುತ್ತದೋ ಹೇಳುವಂತಿರಲಿಲ್ಲ. ತಿಂಗಳ ಪಾಸು ಚೀಲದಲ್ಲಿದ್ದರೂ ಜೀಪಿಗೆ ಬೇರೆ ದುಡ್ಡು ಕೊಡಬೇಕು. ಗಾಡಿ ಇಲ್ಲವೆಂದು ಗೊತ್ತಾದ ಕೂಡಲೇ ಜೀಪಿನವರು ದರ ಏರಿಸಿದರು. ಗುತ್ತಿಗೆ ಕಂಪನಿಯ ಇಂಜಿನಿಯರುಗಳು ದೌಂಡದಲ್ಲಿ ಖೋಲಿ ಹುಡುಕತೊಡಗಿದ ಮೇಲೆ ರೇಣುವಿನ ಮನೆಯ ಮಾಲೀಕನೂ ಬಾಡಿಗೆ ಏರಿಸಿದ.

"ಈ ಕೆಲಸ ಯಾವಾಗ ಮುಗೀತದ್ರೀ?" ಎಂದು ಅವಳು ಒಂದು ದಿನ ಗಂಡನನ್ನು ಕೇಳಿದಳು.

"ಮುಗದ್ರ ನಾ ಏನ್ ಮಾಡ್ಲಿ? ಮತ್ತ ಕಟ್ಟಿ ಮ್ಯಾಲ ಕೂಡ್ಲೇನು?" ಎಂದ ಮಲಕಪ್ಪ.

ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅದೇ ಅವಳಿಗೆ ಹೆಚ್ಚು ಸಂಕಟವಾಯಿತು.

ಮಾರ್ಚಿನ ಒಂದು ಸೋಮವಾರ. ಮಾಂಜರಿ ದಾಟಿ ಸ್ವಲ್ಪ ದೂರ ಹೋದ ಶಟಲ್ ಗಕ್ಕನೆ ನಿಂತಿತು. ಅರ್ಧ ಗಂಟೆಯಾಯಿತು, ಒಂದು ಗಂಟೆಯಾಯಿತು. ತಗಡು ಕಾದು ಡಬ್ಬಿಯೊಳಗೆ ಉಸಿರಾಡುವುದು ಕಷ್ಟವಾಯಿತು. ಜ್ಯೋತ್ಸ್ನಾಳ ಫೋನು ಐದು ಸಲ ಬಂತು. ಆರನೇ ಸಲ ಬಂದಾಗ ರೇಣು ಎತ್ತಲಿಲ್ಲ, ಸೆರಗು ಸಿಕ್ಕಿಸಿಕೊಂಡು ಕೆಳಗೆ ಜಿಗಿದಳು. ಹಡಪಸರ ಕಣ್ಣಳತೆಯಲ್ಲೇ ಇತ್ತು. ಅವಳ ಹಿಂದೆ ಇನ್ನೂ ಏಳೆಂಟು ಹೆಂಗಸರು ಇಳಿದರು. ಎಲ್ಲರೂ ಜಲ್ಲಿಯ ಮೇಲೆ ಎಡವುತ್ತ ನಡೆದರು.

ಎರಡು ನೂರು ಹೆಜ್ಜೆ ಹೋಗುವಷ್ಟರಲ್ಲಿ ಎದುರಿನಿಂದ ಒಬ್ಬ ಬಾವುಟ ಬೀಸುತ್ತ ಓಡಿಬಂದ. "ಮಾಗೇ ವ್ಹಾ! ಮಾಗೇ ವ್ಹಾ!" ಎಂದು ಹಿಂದೆ ಸರಿಯಲು ಮರಾಠಿಯಲ್ಲಿ ಕೂಗುತ್ತಿದ್ದ. ಹತ್ತಿರ ಬಂದಾಗ ನೋಡಿದರೆ ಮಲಕಪ್ಪ. ಗ್ಯಾಂಗಿನ ಡೇರೆಯಲ್ಲೇ ಇರುತ್ತಿದ್ದ ಅವನು ಮನೆಗೆ ಬಂದು ಒಂಬತ್ತು ದಿನವಾಗಿತ್ತು. ಗಡ್ಡ ಬೆಳೆದಿತ್ತು, ಮುಖ ಬಿಸಿಲಿಗೆ ಕರಕಾಗಿತ್ತು.

"ರೇಣು! ಮ್ಯಾಲ ತಂತಿ ಎಳ್ಯಾಕತ್ತಾರ. ಹಿಂದಕ್ಕ ಹೋಗ್."

"ನನಗ ಹೋಗಾಕ ಬೇಕ್ರೀ. ಅಲ್ಲಿ ಮುದುಕಿ ಹಾಸಿಗ್ಯಾಗ ಬಿದ್ದಾಳ. ಒಂದ ಬಾಜೂಲಿಂದ ಹೋಗ್ತೀನಿ, ಬಿಡ್ರಿ."

"ಬಿಡಾಕ ಬರಂಗಿಲ್ಲ. ಮ್ಯಾಲಿನ ಸಾಹೇಬ ನೋಡಾಕತ್ತಾನ."

"ನಾ ಯಾರ ಅಂತ ನೋಡ್ರಿ ಒಮ್ಮಿ!"

ಮಲಕಪ್ಪ ನೋಡಿದ. ಆದರೆ ಅಡ್ಡ ಹಿಡಿದ ಬಾವುಟವನ್ನು ಇಳಿಸಲಿಲ್ಲ. "ತಂತಿ ಹರದ ಬಿದ್ರ ನಿನ್ನ ಹೆಣಾ ನಾನ ಹೊರಬೇಕ ಏನ?" ಎಂದ. ಜೊತೆಯ ಹೆಂಗಸರು ಒಬ್ಬೊಬ್ಬರಾಗಿ ತಿರುಗಿದರು. ಎಲ್ಲರಿಗಿಂತ ಕೊನೆಗೆ ರೇಣು ತಿರುಗಿದಳು. ಡಬ್ಬಿಯ ಮೆಟ್ಟಿಲು ನೆಲದಿಂದ ಎತ್ತರದಲ್ಲಿತ್ತು. ಅವನೇ ಕೈಕೊಟ್ಟು ಹತ್ತಿಸಿದ.

ಅವಳು ಮಗರಪಟ್ಟಾ ಮುಟ್ಟಿದಾಗ ಹನ್ನೆರಡೂವರೆ. ಜ್ಯೋತ್ಸ್ನಾ ಆಫೀಸಿನ ಬಟ್ಟೆಯಲ್ಲೇ ತಾಯಿಯ ಒದ್ದೆ ಚಾದರ ಬದಲಿಸುತ್ತಿದ್ದಳು. ಬೈಯುತ್ತಾಳೆಂದು ರೇಣು ಕಾದಳು. ಅವಳು ಬೈಯಲಿಲ್ಲ.

"ನಿಮ್ಮ ತಪ್ಪು ಅಂತ ನಾನು ಹೇಳುದಿಲ್ಲ ರೇಣು. ಆದ್ರೆ ನಂಗೆ ಇನ್ನು ಒಂದು ರಜೆಯೂ ಇಲ್ಲ. ನೀವು ಇಲ್ಲೇ ಉಳಿದುಬಿಡಿ, ಆದಿತ್ಯವಾರ ಮನೆಗೆ ಹೋಗಿ ಬನ್ನಿ. ಆಗುದಿಲ್ಲ ಅಂದ್ರೆ ನಾನು ಬೇರೆಯವರನ್ನು ನೋಡ್ಬೇಕಾಗ್ತದೆ."

"ಮಗಳ ಅದಾಳ್ರೀ ಅಕ್ಕಾರ."

"ಗೊತ್ತುಂಟು," ಎಂದಳು ಜ್ಯೋತ್ಸ್ನಾ, ಮುಖ ಎತ್ತದೆ.

ಮಗಳನ್ನು ಪಕ್ಕದ ಮನೆಯ ಸಾವಂತ್ರವ್ವನಿಗೆ ಒಪ್ಪಿಸಿ, ಎರಡು ಸೀರೆ ಕಟ್ಟಿಕೊಂಡು ರೇಣು ಮಗರಪಟ್ಟಾಕ್ಕೆ ಬಂದಳು. ಹಳಿಯ ಕೆಲಸ ಮುಗಿಯುವ ತನಕ ಮಾತ್ರ ಎಂದುಕೊಂಡಿದ್ದಳು. ಅಡುಗೆಮನೆಯ ಹಿಂದಿನ ಬಾಲ್ಕನಿಯಿಂದ ದೂರದಲ್ಲಿ ಹಳಿ ಕಾಣುತ್ತಿತ್ತು. ಬಟ್ಟೆ ಹಿಂಡುತ್ತ ನಿಂತಾಗ ಸಂಜೆಯ ಶಟಲ್ ಹೋದರೆ, ತನ್ನ ಜಾಗದಲ್ಲಿ ಇವತ್ತು ಯಾರು ಕೂತಿರಬಹುದು ಎಂದು ನೋಡುತ್ತಿದ್ದಳು. ಲೀಲಾಕ್ಷಮ್ಮ ಒಳಗಿನಿಂದ ತೊದಲುತ್ತ ಕರೆಯುತ್ತಿದ್ದರು. ಅವರು ಈಗ ರೇಣುವಿನ ಕೈಯಿಂದಲ್ಲದೆ ಗಂಜಿಯನ್ನೂ ಕುಡಿಯುತ್ತಿರಲಿಲ್ಲ.

ಮುಂದಿನ ಚಳಿಗಾಲಕ್ಕೆ ತಂತಿಯಲ್ಲಿ ವಿದ್ಯುತ್ ಹರಿಯಿತು. ಬ್ಲಾಕ್ ನಿಂತಿತು, ಶಟಲ್ ಮತ್ತೆ ದಿನಾಲೂ ಓಡತೊಡಗಿತು. ಅದೇ ವಾರ ಮಲಕಪ್ಪನ ಗ್ಯಾಂಗನ್ನು ಸೊಲ್ಲಾಪುರದ ಆಚೆಗೆ ಕಳಿಸಿದರು. ಏರಿದ ಬಾಡಿಗೆ ಇಳಿಯಲಿಲ್ಲ. ಮೊದಲಿನ ಹಾಗೆ ದಿನಾ ಬಂದು ಹೋಗಲೇ ಎಂದು ರೇಣು ಕೇಳಿದಳು. ರೇಣು ಮನೆಯಲ್ಲೇ ಇರುತ್ತಾಳೆಂಬ ಧೈರ್ಯದಲ್ಲಿ ಜ್ಯೋತ್ಸ್ನಾ ರಾತ್ರಿ ಎಂಟರವರೆಗೆ ಮುಗಿಯದ ಹೊಸ ಕೆಲಸ ಹಿಡಿದಿದ್ದಳು. "ಅಮ್ಮ ಇರುವ ತನಕ ಇಲ್ಲೇ ಇರಿ," ಎಂದಳು. ಅಮ್ಮ ಬೇಗ ಹೋಗಲಿ ಎಂದು ರೇಣು ಹೇಗೆ ಬಯಸಿಯಾಳು?

ಭಾನುವಾರ ಅವಳು ದೌಂಡಕ್ಕೆ ಹೋಗುತ್ತಾಳೆ. ಮೊನ್ನೆ ಹೋದಾಗ ಜೋಳದ ರೊಟ್ಟಿ ಬಡಿದು, ಚಿನ್ನುವಿನ ತಲೆಗೆ ಎಣ್ಣೆ ಹಚ್ಚಲು ಕೂತಳು. ಹುಡುಗಿ ತಲೆ ಸರಿಸಿದಳು.

"ಸಾವಂತ್ರವ್ವಾಯಿ ನಿನ್ನೆ ಹಚ್ಯಾಳ."

"ಹಂಗಾರ ಜಡಿ ಹಾಕ್ತೀನಿ ಬಾ."

"ಆಕೀನ ಹಾಕ್ಯಾಳ. ನೀ ಎಷ್ಟ ಗಂಟೇಕ ಹೋಗ್ತಿ?"

ರೇಣು ಎಣ್ಣೆಯ ಕೈಯನ್ನು ತನ್ನ ತಲೆಗೇ ಒರೆಸಿಕೊಂಡಳು. ಮಗಳು ಸ್ಟೇಷನ್‌ವರೆಗೆ ಬಂದಳು. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು, ಏನೇನೋ ಶಾಲೆಯ ಮಾತು ತೆಗೆದು, ಕೊನೆಗೆ ತಾನಾಗಿ ತಾಯಿಯ ತೋಳಿಗೆ ಒರಗಿಕೊಂಡಳು. ಇವತ್ತೊಂದು ದಿನ ಗಾಡಿ ತಡವಾಗಲಿ ಎಂದು ರೇಣು ಅಲುಗಾಡದೆ ಕೂತಳು. ಗಾಡಿ ಸರಿಯಾದ ವೇಳೆಗೆ ಬಂತು.