ಹಿಟ್ಟಿನ ಡಬ್ಬಿಯೊಳಗಿನ ಫೋನು

ಮೊನ್ನೆ ಗಿರಣಿಯಿಂದ ಜೋಳದ ಹಿಟ್ಟು ತಂದೆ. ಎಷ್ಟು ಬಿಸಿಯಿತ್ತೆಂದರೆ, ಮನೆ ಮುಟ್ಟುವಷ್ಟರಲ್ಲಿ ನನ್ನ ಹೆಗಲ ಮೇಲೆಯೇ ಒಂದು ರೊಟ್ಟಿ ಬೇಯಿಸಬಹುದಿತ್ತು. ಡಬ್ಬಿಗೆ ಸುರಿದಾಗ ಆ ಬೆಚ್ಚಗಿನ ವಾಸನೆ ಮೂಗಿಗೆ ಹೊಡೆಯಿತು. ನೆನಪಾದದ್ದು ಮಾತ್ರ ರೊಟ್ಟಿಯಲ್ಲ, ಮಿಲ್ಟ್ರಿ ಅಕ್ಕ…

ಕಂಟೋನ್ಮೆಂಟಿನ ನಮ್ಮ ಮನೆಯ ಮಹಡಿಯಲ್ಲಿ ಅವಳು ಬಾಡಿಗೆಗಿದ್ದಳು. ಆಗ ನಾನು ಏಳನೇ ಕ್ಲಾಸು. ನನ್ನ ಬಾಯಿ ಮಾತ್ರ ಡಿಗ್ರಿ ಮುಗಿಸಿತ್ತು. ಅಕ್ಕನ ಗಂಡ ಸೈನ್ಯದಲ್ಲಿದ್ದರು, ನಾನು ಅವರನ್ನು ಮಾವ ಎನ್ನುತ್ತಿದ್ದೆ. ಆ ಸಲ ಮಾವ ತಿಂಗಳ ರಜೆಯ ಮೇಲೆ ಬಂದಿದ್ದರು. ವಾರ ಕಳೆಯುವುದರೊಳಗೆ ಗಡಿಯ ಸುದ್ದಿ ಹೇಳುತ್ತ ಟೀವಿ ಕೂಗತೊಡಗಿತು. ಸೈನ್ಯದಿಂದ ಫೋನು ಬಂದರೆ ಮಾವ ಅದೇ ದಿನ ಹೊರಡಬೇಕು. ಬಾರದೆಯೂ ಇರಬಹುದು.

"ಹೋಗ್ತೀರೇನ್ರಿ, ಇಲ್ಲೇನ್ರಿ?" ಅಕ್ಕ ದಿನಕ್ಕೆ ಸಾವಿರ ಸಲ ಕೇಳುತ್ತಿದ್ದಳು.

"ಗೊತ್ತಿದ್ರ ಹೇಳ್ತಿರಲಿಲ್ಲೇನು?" ಎನ್ನುತ್ತಿದ್ದರು ಮಾವ.

ಕಟ್ಟಿಕೊಡಲೆಂದು ಅಕ್ಕ ಖಡಕ್ ರೊಟ್ಟಿ ಬಡಿದಿಡುತ್ತಿದ್ದಳು. ಮೂರು ದಿನಕ್ಕೊಮ್ಮೆ "ಹಳೇವಾದ್ವು" ಎಂದು ಗಂಟನ್ನು ನಮಗೆ ಕೊಟ್ಟು ಮತ್ತೆ ಬಡಿಯುವಳು. ತಿಂಗಳಿಟ್ಟರೂ ಕೆಡದ ರೊಟ್ಟಿ ಅವು! ಕೊನೆಗೆ ಬೀದಿನಾಯಿಯೂ ನನ್ನನ್ನು ಕಂಡರೆ ದಾರಿ ಬದಲಿಸತೊಡಗಿತು.

ಅಕ್ಕನಿಗೆ ಏಳು ತಿಂಗಳು. ಸೋಮವಾರ ಸಿರುಗುಪ್ಪದ ತವರಿನಲ್ಲಿ ಕುಬಸ, ಅಂದರೆ ಸೀಮಂತ. ಹಸಿರು ಸೀರೆ, ಹಸಿರು ಬಳೆ ಬಂದಾಗಿತ್ತು. ಮಾವ ಪಕ್ಕದ ಮಣೆಯ ಮೇಲೆ ಕೂರಬೇಕು, ಅವಳಿಗೆ ಬೇಕಿದ್ದದ್ದು ಅಷ್ಟೇ.

ಶನಿವಾರ ಬೆಳಿಗ್ಗೆ ಮಾವ ತಮ್ಮ ತಾಯಿಯನ್ನು ಕರೆತರಲು ಕುರುಗೋಡಿಗೆ ಹೊರಟರು. ಮಾವನ ಫೋನು ಸಿಗಲಿಲ್ಲ. ಹಾಸಿಗೆ ಕೊಡವಿದರು, ನನ್ನ ಸ್ಕೂಲ್ ಬ್ಯಾಗನ್ನೂ ಜಾಲಾಡಿದರು. ಬಸ್ಸಿಗೆ ಹೊತ್ತಾಯಿತೆಂದು, "ಸಿಕ್ರ ಅವ್ವನ ನಂಬರಿಗೆ ಹೇಳು" ಎಂದು ಓಡಿದರು.

ಸ್ವಲ್ಪ ಹೊತ್ತಿಗೆ ಹಿಟ್ಟಿನ ಡಬ್ಬಿ ಗುರ್ರೆಂದಿತು. ಹೆಗ್ಗಣವೆಂದು ನಾನು ಅಡುಗೆ ಕಟ್ಟೆ ಏರಿದೆ. ಅಕ್ಕ ಕದಲಲಿಲ್ಲ.

"ಅಕ್ಕಾ… ಫೋನ್ ಹಿಟ್ನಾಗ ಐತಾ?"

"ಸುಮ್ನಿರಲೇ. ಸೋಮಾರ ಮಟ ಯಾರಿಗೂ ಹೇಳಬ್ಯಾಡ. ನೀ ಇಲ್ಲಿ ಬಾಯಿ ತೆಗೆದ್ರ ಅತ್ಲಾಗ ಮೋಕಾ ಊರಾಗ ಕೇಳ್ತೈತಿ."

ಗಂಟೆ ಬಿಟ್ಟು ಮತ್ತೆ ಗುರ್ರೆಂದಿತು. ಹಿಟ್ಟಿನ ಮೇಲೆ ಸಣ್ಣ ಗುಂಡಿ ಬಿತ್ತು. ಅಕ್ಕನ ಕೈ ನಿಂತಿತು. ಹೆಂಚಿನ ಮೇಲಿನ ರೊಟ್ಟಿ ಕರಕಲಾಯಿತು. ನಗಿಸಬೇಕೆಂದು ನಾನು ಏನೇನೋ ಹೇಳಿದೆ, ಯಾವುದೂ ನಡೆಯಲಿಲ್ಲ.

ಮೂರನೇ ಸಲ ಅಕ್ಕ ಮೊಣಕೈವರೆಗೆ ಕೈ ಹಾಕಿ ಫೋನು ತೆಗೆದು, ಸೆರಗಿನಿಂದ ಒರೆಸಿದಳು. "ತಡ ಆದ್ರ ಮಾತು ಬರೋದು ಅವರಿಗೆ" ಎಂದು ತನಗೆ ತಾನೇ ಹೇಳಿಕೊಂಡು, ಅತ್ತೆಯ ನಂಬರಿಗೆ ಹಚ್ಚಿ ಗಂಡನನ್ನು ಕರೆಸಿದಳು.

"ಫೋನ್ ಬಂದೈತ್ರಿ, ಮೂರು ಸಲ. ನಾನೇ ಮುಚ್ಚಿಟ್ಟಿದ್ದೆ… ಬೈರಿ. ಆದ್ರ ಬಂದು ಬೈರಿ."

ಮಾವ ಬಂದರು, ಬೈಯಲಿಲ್ಲ. ಸಂಜೆಯೇ ಹೊರಟರು. ಆ ಸಲದ ರೊಟ್ಟಿ ಗಂಟು ಮಾತ್ರ ನಮ್ಮ ಮನೆಗೆ ಬರಲಿಲ್ಲ.

ಕುಬಸಕ್ಕೆ ನಾವೂ ಹೋಗಿದ್ದೆವು. ಪಕ್ಕದ ಮಣೆ ಖಾಲಿಯಿತ್ತು. ಆರತಿಯ ನಡುವೆಯೇ ಮಾವನ ಫೋನು ಬಂತು. ಅವರ ಫೋನಿನ ತೂತಿನಲ್ಲಿ ಹಿಟ್ಟು ಕೂತಿತ್ತೋ ಏನೋ, ದನಿ ಡಬ್ಬಿಯೊಳಗಿಂದ ಬಂದಂತಿತ್ತು.

"ಕೇಳವಲ್ದು, ಜೋರಾಗಿ ಹೇಳ್ರಿ!" ಎನ್ನುತ್ತ ಅಕ್ಕ ನಕ್ಕಳು, ಅತ್ತಳು. ಯಾಕೆ ಕೇಳುತ್ತಿಲ್ಲವೆಂದು ಅಲ್ಲಿ ನಮ್ಮಿಬ್ಬರಿಗೇ ಗೊತ್ತಿತ್ತು.

ಅಕ್ಕ ಸಿರುಗುಪ್ಪದಲ್ಲೇ ಉಳಿದಳು. ಸಾಮಾನು ಒಯ್ಯಲು ಬಂದ ಅವಳ ಅಣ್ಣ, ಹೆಣ್ಣು ಮಗು ಎಂದ. ಮಾವನ ಬಗ್ಗೆ ಕೇಳಿದರೆ, "ಇನ್ನಾ ಅಲ್ಲೇ ಅದಾರ" ಎಂದಷ್ಟೇ ಹೇಳಿದ. ಆಮೇಲೆ ಅವರ ನಂಬರು ಬದಲಾಯಿತು. ಮುಂದೇನಾಯಿತೋ…

ಮೊನ್ನೆ ಮುಚ್ಚಳ ಹಾಕುವ ಮೊದಲು ನಾನೂ ಮೊಣಕೈವರೆಗೆ ಕೈ ಹಾಕಿದೆ.

"ಏನ್ ಹುಡುಕ್ತೀಲೇ ಅದ್ರಾಗ?" ಅಂದಳು ಅಮ್ಮ.

"ಹೆಗ್ಗಣ" ಎಂದು ಕೈ ಕೊಡವಿಕೊಂಡೆ. ಹಿಟ್ಟು ಇನ್ನೂ ಬೆಚ್ಚಗಿತ್ತು. ಸುಮ್ಮನಿತ್ತು.