ಅಂಚೆಯವಳ ಹನ್ನೊಂದನೇ ಅಳತೆ

ಊರಿಗೆಲ್ಲ ಅವನು ನಿಧಾನಣ್ಣ. ಹೆಂಡತಿ ಮಾತ್ರ 'ಅಣ್ಣ' ಬಿಟ್ಟು 'ನಿಧಾನ' ಎನ್ನುತ್ತಿದ್ದಳು. ಕನ್ನಡಕದಂಗಡಿಗೂ ಲಾಂಡ್ರಿಗೂ ನಡುವೆ ಅವನ ಕಂಪ್ಯೂಟರ್ ರಿಪೇರಿ ಅಂಗಡಿ: ಎರಡು ಮೇಜು, ಒಂದು ಸ್ಟೂಲು, ಗೋಡೆಯ ತುಂಬ ಹಾವಿನ ಹಾಗೆ ಸುತ್ತಿಟ್ಟ ವೈರುಗಳು. ಕಳೆದ ಚಳಿಗಾಲದಲ್ಲಿ ತೀರಿಕೊಂಡ. ಐವತ್ನಾಲ್ಕು ವಯಸ್ಸು. ಅದೊಂದು ವಿಷಯದಲ್ಲಿ ಮಾತ್ರ ಅವಸರ ಮಾಡಿದ.

ಅವನು ಎಂಥವನಾಗಿದ್ದ ಎಂದು ಯಾರಾದರೂ ಕೇಳಿದರೆ ಬೂಟಿನಂಗಡಿಯ ಸಂಗತಿ ಹೇಳಿದರೆ ಸಾಕು.

ಆ ಅಂಗಡಿಯಲ್ಲಿ ಸಿದ್ಧ ಬೂಟುಗಳು ಸಿಗುವುದಿಲ್ಲ. ಒಂದು ಕಾಲು ಗಿಡ್ಡ, ಪಾದ ಸೊಟ್ಟ, ಬೆರಳಿಲ್ಲ ಎನ್ನುವವರಿಗೆ ಅಳತೆ ತೆಗೆದು ಹೊಲಿದು ಕೊಡುತ್ತಾರೆ. ಅಂಗಡಿ ನಡೆಸುತ್ತಿದ್ದ ಮಾವ ತೀರಿಕೊಂಡು ಆಗ ವರ್ಷವಾಗಿತ್ತು. ಅವರಿಂದ ಕೆಲಸ ಕಲಿತಿದ್ದ ಸೊಸೆಯೇ ಯಜಮಾನಿ. ಅತ್ತೆ ಹಿಂದಿನ ಕೋಣೆಯಲ್ಲಿ ಟ್ಯಾಬ್ಲೆಟ್ ಹಿಡಿದು ಕೂತು ಅಂಗಡಿಗೆ ಕಿವಿ ಕೊಟ್ಟಿರುವಾಕೆ. ಪ್ರತಿಯೊಬ್ಬರ ಪಾದದ ನಕ್ಷೆಯನ್ನೂ ಮಾವ ಕಂಪ್ಯೂಟರಿಗೆ ಹಾಕಿ, ಕ್ಲೌಡ್‌ಗೆ ಜೋಡಿಸಿ, ಕಾಗದಗಳನ್ನೆಲ್ಲ ರದ್ದಿಗೆ ಕೊಟ್ಟು, ಗೆದ್ದೆ ಎಂದುಕೊಂಡು ಹೋಗಿದ್ದರು.

ಆ ಶುಕ್ರವಾರ ಮಧ್ಯಾಹ್ನ ಸೊಸೆ ಫೋನು ಮಾಡಿದಳು. ಫೋಲ್ಡರುಗಳು ಮಾಯವಾಗುತ್ತಿದ್ದವು. ಎರಡು ಸಲ ಕಸದ ಬುಟ್ಟಿಯಿಂದ ಹೆಕ್ಕಿ ವಾಪಸ್ ಹಾಕಿದ್ದಳು. ಈ ಸಲ ಬುಟ್ಟಿಯೂ ಖಾಲಿ. ಅಂಚೆಯವಳ ಅಳತೆ ಹೋಗಿತ್ತು.

"ಇಂಟರ್‌ನೆಟ್ ಓಡ್ತಾ ಇದೆಯಾ?" ನಿಧಾನಣ್ಣನ ಮೊದಲ ಪ್ರಶ್ನೆ ಯಾವಾಗಲೂ ಇದೇ.

"ಓಡ್ತಾ ಇದೆ. ಫೈಲೇ ಇಲ್ಲ ಅಂತಿದೀನಿ, ನೀವು ನೆಟ್ಟು ಅಂತೀರಿ!"

"ಏನೂ ಮುಟ್ಟಬೇಡಿ. ಬಂದೆ."

ಬಂದೆ ಎಂದವನು ಮುಕ್ಕಾಲು ಗಂಟೆಯ ನಂತರ ತಲುಪಿದ. ಅಷ್ಟರಲ್ಲಿ ಅಂಚೆಯವಳೇ ಬಂದು ಬೆಂಚಿನ ಮೇಲೆ ಕೂತಿದ್ದಳು. ಬೀದಿ ಬೀದಿ ತಿರುಗಿ ಕಾಗದ ಹಂಚುವವಳು. ಎಡಗಾಲು ಬಲಗಾಲಿಗಿಂತ ಮೂರು ಬೆರಳಿನಷ್ಟು ಗಿಡ್ಡ. ಹಳೆಯ ಬೂಟಿನ ಅಟ್ಟೆ ಬಾಯಿ ಬಿಟ್ಟಿತ್ತು. ಸೋಮವಾರ ನಡೆದು ತೋರಿಸದಿದ್ದರೆ ಅವಳನ್ನು ಕಚೇರಿಯೊಳಗೆ ಮುದ್ರೆ ಒತ್ತಲು ಕೂರಿಸುವುದಾಗಿ ಮೇಲಿನವರು ಹೇಳಿದ್ದರು.

"ಹೊಸದಾಗಿ ಅಳತೆ ತಗೊಳ್ಳೋಕಾಗಲ್ವಾ?" ಎಂದು ಕೇಳಿದ ನಿಧಾನಣ್ಣ.

"ತಗೋಬಹುದು," ಎಂದಳು ಅಂಚೆಯವಳು. "ಮೊದಲನೇದರಲ್ಲಿ ಸೊಂಟ ಹಿಡೀತು. ನಾಲ್ಕನೇದರಲ್ಲಿ ಮಂಡಿ ಊದಿಕೊಳ್ತು. ಆರು ವರ್ಷ ತಿದ್ದಿ ತಿದ್ದಿ ಹನ್ನೊಂದನೇದು ಸರಿಹೋಯ್ತು. ಮತ್ತೆ ಒಂದರಿಂದ ಶುರು ಮಾಡೋಣ ಅಂತೀರಾ, ಅಣ್ಣಾ?"

ಅವನು ಸ್ಟೂಲು ಎಳೆದುಕೊಂಡು ಕ್ಲೌಡ್ ಖಾತೆಯ ಚಟುವಟಿಕೆಯ ಪಟ್ಟಿ ತೆರೆದ. ಯಾವ ಯಂತ್ರದಿಂದ, ಎಷ್ಟು ಹೊತ್ತಿಗೆ, ಏನು ಅಳಿಸಿದೆ ಎಂಬುದೆಲ್ಲ ಅಲ್ಲಿರುತ್ತದೆ; ಯಾರೂ ನೋಡುವುದಿಲ್ಲ ಅಷ್ಟೆ. ಮೇಲಿಂದ ಕೆಳಗೆ ಎರಡು ಸಲ ಓದಿದ. ಅಳಿಸಿದ್ದೆಲ್ಲ ಬೆಳಿಗ್ಗೆ ಏಳೂವರೆಯಿಂದ ಎಂಟರೊಳಗೆ. ಎಲ್ಲವೂ ಟ್ಯಾಬ್ಲೆಟ್‌ನಿಂದ.

ಸೊಸೆ ಪರದೆಯತ್ತ ಬಗ್ಗಿದಳು. ಅವನು ಪಟ್ಟಿಯನ್ನು ಮುಚ್ಚಿ, ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತು ಸಲೀಸಾಗಿ ಕೇಳಿದ: "ಅಮ್ಮಾ, ಬೆಳಿಗ್ಗೆ ಪೇಪರ್ ಬಂದ್ರೆ ಮೊದಲು ಯಾವ ಪುಟ ಓದ್ತೀರಿ?"

"ಯಾರು ಹೋದ್ರು ಅಂತ ನೋಡ್ತೀನಪ್ಪಾ. ಈ ವಯಸ್ಸಲ್ಲಿ ಇನ್ನೇನು, ಕ್ರಿಕೆಟ್ ಓದ್ಲಾ?"

"ಆಮೇಲೆ?"

"ಆಮೇಲೆ ಅವರದ್ದು ತೆಗೀತೀನಿ."

ಸೊಸೆ ಹಣೆ ಚಚ್ಚಿಕೊಂಡಳು. ಆ ಅಂಗಡಿಯಲ್ಲಿ ಮೊದಲಿಂದ ಒಂದು ರೂಢಿ: ಗಿರಾಕಿ ತೀರಿಕೊಂಡರೆ ಅವರ ಪಾದದ ಮರದ ಅಚ್ಚನ್ನು ಹಲಗೆಯಿಂದ ಇಳಿಸಿ ಒಲೆಗೆ ಹಾಕುವುದು. ನಡೆದು ಮುಗಿಸಿದವರ ಕಾಲನ್ನು ಹಲಗೆಯ ಮೇಲೆ ನಿಲ್ಲಿಸಿಡಬಾರದು ಎಂದು ಮಾವ ಹೇಳುತ್ತಿದ್ದರು. ಅಚ್ಚುಗಳ ಜಾಗಕ್ಕೆ ನಕ್ಷೆಗಳು ಬಂದ ಮೇಲೆ ಆ ಕೆಲಸವನ್ನು ಅತ್ತೆ ಯಾರಿಗೂ ಹೇಳದೆ ಟ್ಯಾಬ್ಲೆಟ್‌ನಲ್ಲಿ ಮುಂದುವರಿಸಿದ್ದರು.

"ಎಷ್ಟು ತೆಗೆದ್ರೂ ಮತ್ತೆ ಬಂದು ಕೂರುತ್ತೆ, ನಾಚಿಕೆಗೆಟ್ಟದ್ದು," ಎಂದರು ಅತ್ತೆ. "ಅದಕ್ಕೇ ಬುಟ್ಟೀನೂ ಖಾಲಿ ಮಾಡಿದೆ. ಒಲೆ ಉರಿಸಿದ ಮೇಲೆ ಬೂದಿ ಎತ್ತಬೇಡ್ವಾ?"

"ಬಂದು ಕೂರಿಸ್ತಾ ಇದ್ದದ್ದು ನಾನು, ಅತ್ತೆ!"

"ನೀನಾ? ಹೇಳಬಾರದಿತ್ತೇನೇ?"

"ನೀವು ಹೇಳಿದ್ರಾ?"

"ಆದ್ರೆ ನಾನು ಸತ್ತಿಲ್ವಲ್ಲ, ಅಜ್ಜಿ," ಎಂದಳು ಅಂಚೆಯವಳು ಬೆಂಚಿನಿಂದಲೇ.

ಹೋದ ತಿಂಗಳು ತೀರಿಕೊಂಡದ್ದು ಅವಳ ಅಪ್ಪ. ಅವರಿಗೂ ಅದೇ ಎಡಗಾಲು, ಅದೇ ಅಂಗಡಿ. ಮಾವ ಮನೆಗೊಂದು ಫೋಲ್ಡರ್ ಮಾಡಿದ್ದರು. ಅಪ್ಪನ ಜೊತೆ ಮಗಳೂ ಒಲೆ ಸೇರಿದ್ದಳು. ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡರು. ಟ್ಯಾಬ್ಲೆಟ್ಟನ್ನು ಬೋರಲು ಹಾಕಿ ದೂರ ತಳ್ಳಿದರು.

"ಅವರೇನೂ ತಪ್ಪು ಮಾಡಿಲ್ಲ," ಎಂದ ನಿಧಾನಣ್ಣ ಸೊಸೆಗೆ. "ಕ್ಲೌಡ್ ಅಂದ್ರೆ ಉಗ್ರಾಣ ಅಂದ್ಕೊಂಡಿದೀವಿ ನಾವೆಲ್ಲ. ಅದು ಕನ್ನಡಿ. ಇಲ್ಲಿ ಮೀಸೆ ಬೋಳಿಸಿದ್ರೆ ಕನ್ನಡಿಯಲ್ಲಿ ಉಳಿಯುತ್ತಾ?"

ಕ್ಲೌಡ್ ಕಂಪನಿಗೆ ಬರೆದ. ಖಾಲಿ ಮಾಡಿದ ಬುಟ್ಟಿಯಿಂದ ಏನೂ ತರಲಾಗುವುದಿಲ್ಲವೆಂದು ವಿನಯದಿಂದಲೇ ಉತ್ತರ ಬಂತು. ಅಂಗಡಿಯ ಕಂಪ್ಯೂಟರನ್ನು ಜಾಲಾಡಿದ, ಸೊಸೆಯ ಫೋನು ನೋಡಿದ. ಎಲ್ಲ ಕಡೆ ಕನ್ನಡಿ ಚೊಕ್ಕಟವಾಗಿತ್ತು.

"ಮಾವನವರು ನಕ್ಷೆ ಬರೀತಿದ್ದದ್ದು ಇದೇ ಕಂಪ್ಯೂಟರ್‌ನಲ್ಲಾ?"

"ಅಲ್ಲ, ಅವರ ಲ್ಯಾಪ್‌ಟಾಪ್‌ನಲ್ಲಿ. ಅವರು ಹೋದ ದಿನ ಬೀರುವಿನಲ್ಲಿಟ್ಟೆ. ಇವತ್ತಿನವರೆಗೆ ತೆಗೆದಿಲ್ಲ." ಹೇಳುತ್ತಲೇ ಸೊಸೆ ಓಡಿದಳು. ಚೀಲ ಬಿಚ್ಚಿ, ಚಾರ್ಜರ್ ಸಿಕ್ಕಿಸಿ, ಗುಂಡಿಯ ಮೇಲೆ ಬೆರಳಿಟ್ಟಳು.

"ತೆಗೀರಿ ಕೈ!"

ನಿಧಾನಣ್ಣನ ಗಂಟಲಿನಿಂದ ಅಂಥ ಕೂಗು ಅಲ್ಲಿದ್ದ ಯಾರೂ ಕೇಳಿರಲಿಲ್ಲ. ಸ್ಟೂಲು ಉರುಳಿತು. ಎರಡೇ ದಾಪುಗಾಲಿಗೆ ಗೋಡೆ ಮುಟ್ಟಿ, ರೂಟರಿನ ವೈರನ್ನು ಬುಡಸಮೇತ ಕಿತ್ತ. ಆಮೇಲೆ ಮೂವರ ಫೋನುಗಳನ್ನೂ ಆಫ್ ಮಾಡಿಸಿದ. ಏದುಸಿರು ಬಿಡುತ್ತ ಹೇಳಿದ: "ವರ್ಷದಿಂದ ಮಲಗಿರೋ ಯಂತ್ರ ಇದು. ಮನೇಲಿ ಏನು ನಡೆದಿದೆ ಅಂತ ಇದಕ್ಕೆ ಗೊತ್ತಿಲ್ಲ. ನೆಟ್ಟು ಸಿಕ್ಕಿದ ಕೂಡಲೇ ಸುದ್ದಿ ಕೇಳಿ ಇದೂ ಅಳಿಸಿಬಿಡುತ್ತೆ. ಕೇಳೋಕೆ ಮೊದಲೇ ಮಾತಾಡಿಸಬೇಕು."

ಲ್ಯಾಪ್‌ಟಾಪ್ ಗೊರಗುಟ್ಟುತ್ತ ಎದ್ದಿತು. ಅಂಚೆಯವಳು ಬೆಂಚು ಬಿಟ್ಟು ಬಂದು ಮೇಜಿನ ಅಂಚು ಹಿಡಿದು ನಿಂತಳು. ಅವನು ಮೊದಲು ಕ್ಲೌಡ್ ಜೊತೆಗಿನ ಸಿಂಕ್ ನಿಲ್ಲಿಸಿದ. ನಂತರ ಫೋಲ್ಡರುಗಳನ್ನು ತೆರೆದ. ಒಂದೊಂದೇ ಮನೆ, ಒಂದೊಂದೇ ಪಾದ. ಅವಳ ಮನೆಯೂ ಇತ್ತು. ಹನ್ನೊಂದನೇ ನಕ್ಷೆ ಪರದೆ ತುಂಬಿತು. ಹಿಮ್ಮಡಿಯ ಪಕ್ಕದಲ್ಲಿ ಮಾವನ ಸಣ್ಣ ಅಕ್ಷರ: 'ಇಲ್ಲಿ ಒಂದು ಎಳೆ ಕಡಿಮೆ. ಹುಡುಗಿ ನೋವು ಹೇಳುವುದಿಲ್ಲ, ಮುಖ ನೋಡಿ ತಿಳಿಯಬೇಕು.'

ಅತ್ತೆ ಗಂಡನ ಅಕ್ಷರದ ಹತ್ತಿರಕ್ಕೆ ಮುಖ ತಂದು, ಕನ್ನಡಕ ಮೇಲೆತ್ತಿ, ಎರಡು ಸಲ ಓದಿದರು.

ನಿಧಾನಣ್ಣ ಎಲ್ಲವನ್ನೂ ಬೇರೊಂದು ಡಿಸ್ಕಿಗೆ ನಕಲು ಮಾಡಿದ. ನಕಲು ಸರಿಯಾಗಿದೆಯೇ ಎಂದು ಒಂದೊಂದನ್ನೂ ತೆರೆದು ನೋಡಿದ. ಅದಕ್ಕೇ ಎರಡು ಗಂಟೆ ಹಿಡಿಯಿತು. ಮನೆಗೊಂದಿದ್ದ ಫೋಲ್ಡರನ್ನು ಆಳಿಗೊಂದು ಮಾಡಲು ಸೊಸೆಗೆ ಕಲಿಸಿಕೊಟ್ಟ. ಟ್ಯಾಬ್ಲೆಟ್‌ನಲ್ಲಿ ನೋಡಲು ಬಿಟ್ಟು ಅಳಿಸುವ ಅಧಿಕಾರ ತೆಗೆಯಬೇಕಿತ್ತು. ತೆಗೆಯುವ ಮೊದಲು ಅತ್ತೆಯ ಎದುರು ಕೂತ.

"ಅಮ್ಮಾ, ಇನ್ಮೇಲೆ ಯಾರು ಹೋದ್ರು ಅಂತ ಸೊಸೆಗೆ ಹೇಳಿ. ಇಬ್ಬರೂ ಕೂತು ತೆಗೀರಿ."

"ಇಬ್ಬರೂ ಕೂತ್ರೆ ಜಗಳ ಆಗುತ್ತಪ್ಪಾ."

"ಆಗಲಿ. ಫೈಲು ಉಳಿಯುತ್ತೆ."

ಸೊಸೆ ಶನಿವಾರವಿಡೀ ತೊಗಲು ಕತ್ತರಿಸಿದಳು, ಭಾನುವಾರ ಹೊಲಿದಳು. ಸೋಮವಾರ ಅಂಚೆಯವಳು ಮೇಲಿನವರ ಎದುರು ಕಚೇರಿಯ ಮೂರು ಮಹಡಿ ಹತ್ತಿ ಇಳಿದು, ಚೀಲ ಹೆಗಲಿಗೇರಿಸಿ ಹೊರಟುಬಿಟ್ಟಳಂತೆ.

ಈಗಲೂ ಅವಳದು ಅದೇ ಬೀದಿಗಳು. ನಿಧಾನಣ್ಣನ ಹೆಸರಿಗೆ ಇನ್ನೂ ಕಾಗದಗಳು ಬರುತ್ತಿವೆ. 'ವಿಳಾಸದಾರರು ಇಲ್ಲ' ಎಂದು ಗೀಚಿ ವಾಪಸ್ ಕಳಿಸುವುದು ನಿಯಮ. ಅವಳು ಎರಡನೇ ಮಹಡಿಯ ಅವನ ಮನೆಗೆ ಹತ್ತಿ ಹೋಗಿ ಹೆಂಡತಿಯ ಕೈಗೇ ಕೊಟ್ಟು ಬರುತ್ತಾಳೆ.