ಅರ್ಧ ಕುಯ್ದ ಗದ್ದೆ

ನಾನು ಓದಿದ್ದು ಮೂರನೇ ಕ್ಲಾಸು. ತಪ್ಪು ಸಿಕ್ಕಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಸಂತೋಷ ತಡೆಯೋಕೆ ಆಗದೆ ಬರೆಯೋಕೆ ಕೂತಿದ್ದೇನೆ.

ವಿಜಯನಗರದ ನಮ್ಮ ಮನೆಯಲ್ಲಿ ನಾನು ಸೀರೆಗಳಿಗೆ ಫಾಲ್ಸ್ ಹಾಕುತ್ತೇನೆ, ಸೆರಗಿಗೆ ಕುಚ್ಚು ಕಟ್ಟುತ್ತೇನೆ. ಈ ಕೆಲಸಕ್ಕೆ ಎರಡೇ ಕಟ್ಟಳೆ. ಹೊಲಿಗೆ ಮುಂದಕ್ಕೆ ಕಾಣಬಾರದು. ಎಲ್ಲೂ ಒಂದು ಎಳೆ ಜೋತಾಡಬಾರದು. ಸೀರೆ ವಾಪಸ್ಸು ಕೊಡುವ ಮುಂಚೆ ಕಿಟಕಿ ಬೆಳಕಿಗೆ ಹಿಡಿದು, ಆಚೆ ಬಂದ ಎಳೆಯನ್ನೆಲ್ಲ ಕಚಕ್ ಅಂತ ಕತ್ತರಿಸಿಬಿಡುತ್ತೇನೆ. ಕೈಗೆ ಅದೇ ಅಭ್ಯಾಸ.

ನನ್ನ ಮೊಮ್ಮಗಳು ಚಿತ್ರಕಲೆ ಓದುತ್ತಾಳೆ. ಕೊನೇ ವರ್ಷ. ಒಂದು ದೊಡ್ಡ ಕೆಲಸ ಮಾಡಿ ಕಾಲೇಜಿನ ಪ್ರದರ್ಶನಕ್ಕೆ ಇಡಬೇಕು, ಅದನ್ನು ನೋಡಿಯೇ ಪಾಸು ಮಾಡೋದು. ಒಂದು ದಿನ ನನ್ನ ಕುಚ್ಚಿನ ದಾರದ ಡಬ್ಬ ತೊಡೆ ಮೇಲೆ ಇಟ್ಟುಕೊಂಡು ಕೂತಿದ್ದಳು.

"ಅಜ್ಜಿ, ನಿಮ್ಮೂರ ಗದ್ದೆ ಮಾಡ್ತೀನಿ."

"ದಾರದಲ್ಲಾ?"

"ದಾರ, ಬಟ್ಟೆ, ಸಿಕ್ಕಿದ್ದೆಲ್ಲಾ."

ಆವತ್ತಿಂದ ನನಗೆ ಬೇರೆ ಕೆಲಸವೇ ಓಡಲಿಲ್ಲ. ತಾತನ ಹಳೇ ಪಂಚೆಯನ್ನು ಟೀ ಡಿಕಾಕ್ಷನ್ನಿನಲ್ಲಿ ನೆನೆಹಾಕಿದಳು. ಒಣಗಿದಾಗ ಕೆಸರಿನ ಬಣ್ಣ! ಹರಿದ ಟಿಶ್ಯೂ ಸೀರೆಯ ತುಂಡು ಅದರ ಮೇಲೆ ಹಾಸಿದಳು, ನೋಡಿದರೆ ಗದ್ದೆಯ ನೀರು. ತೆಂಗಿನ ನಾರು ಬದುವಾಯಿತು. ಸೊಳ್ಳೆ ಪರದೆಯನ್ನು ಎರಡು ಪದರ ಮಡಿಸಿ ದೂರದ ಗುಡ್ಡದ ಮೇಲೆ ಇಟ್ಟಳು, ಗುಡ್ಡಕ್ಕೆ ಮಂಜು ಮುಸುಕಿತು. ಪರದೆಗೆ ಈ ವಿದ್ಯೆ ಇದೆ ಅಂತ ಇಷ್ಟು ವರ್ಷ ಅದರೊಳಗೆ ಮಲಗಿದ ನನಗೇ ಗೊತ್ತಿರಲಿಲ್ಲ. "ಅದ್ಯಾಕೆ? ಇದ್ಯಾಕೆ?" ಅಂತ ನಾನು ಕೇಳಿದ್ದೂ ಕೇಳಿದ್ದೇ.

"ಅಜ್ಜಿ, ನೀನೇ ಕಾಲೇಜಿಗೆ ಹೋಗ್ಬುಡು, ನಾನು ಕುಚ್ಚು ಕಟ್ತೀನಿ" ಅಂದಳು.

ಭತ್ತದ ಪೈರು ಒಂದೇ ಬಾಕಿ ಇತ್ತು. ಪ್ರದರ್ಶನಕ್ಕೆ ಎರಡು ದಿನ ಇದ್ದಾಗ, ನಾನು ಮಾರ್ಕೆಟ್ಟಿಗೆ ಹೋಗಿದ್ದ ಹೊತ್ತಿನಲ್ಲಿ ಅದನ್ನೂ ಹೊಲಿದಿಟ್ಟು ಕಾಲೇಜಿಗೆ ಹೋದಳು. "ಸುತ್ತ ಅಂಚು ಮಡಿಸಿ ಹೊಲಿದಿಡಜ್ಜಿ" ಅಂತ ಹಿಂದಿನ ದಿನವೇ ಹೇಳಿದ್ದಳು. ಅಂಚು ಹೊಲಿದೆ. ಆಮೇಲೆ ಕಿಟಕಿಗೆ ಹಿಡಿದೆ.

ಗದ್ದೆ ತುಂಬಾ ಎಳೆ! ಎರಡೆರಡು ಬೆರಳುದ್ದ ಜೋತಾಡುತ್ತಿವೆ. ಬಟ್ಟೆ ಮೇಲಿನ ಹೊಲಿಗೆಯೇ ಪೈರು, ಪಾಪ, ಅವಸರದಲ್ಲಿ ದಾರದ ತುದಿ ಕತ್ತರಿಸೋದು ಮರೆತಿದ್ದಾಳೆ ಅಂದುಕೊಂಡೆ. ಕತ್ತರಿ ತಗೊಂಡು ಎಡಗಡೆಯಿಂದ ಶುರು ಮಾಡಿದೆ. ಒಂದೊಂದು ಎಳೆಯನ್ನೂ ಒಂದೇ ಸಮಕ್ಕೆ ಕತ್ತರಿಸುತ್ತಾ ಅರ್ಧ ಗದ್ದೆಗೆ ಬರುವಾಗ ಬಾಗಿಲಲ್ಲಿ ಚಪ್ಪಲಿ ಸದ್ದು.

"ಅಜ್ಜೀ! ಏನ್ ಮಾಡ್ಬುಟ್ಟೆ!"

ಅವಳ ಬ್ಯಾಗು ಕೆಳಗೆ ಬಿತ್ತು. ಆ ಎಳೆಗಳೇ ಪೈರಂತೆ. ಗಾಳಿ ಬಂದರೆ ಅಲ್ಲಾಡಲಿ ಅಂತ ಬೇಕೆಂದೇ ಬಿಟ್ಟಿದ್ದಳು. ಮತ್ತೆ ಹೊಲಿಯೋಕೆ ಆ ಹಸಿರು ಹಳದಿ ದಾರ ಒಂದು ಮೊಳವೂ ಉಳಿದಿಲ್ಲ, ಹೊತ್ತೂ ಇಲ್ಲ. ಮೂಲೆಯಲ್ಲಿ ಕೂತು ಅತ್ತಳು. ನನಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು. ಮೂರು ತಿಂಗಳ ಕೆಲಸ, ನನ್ನ ಕೈಯಾರೆ!

ಕತ್ತರಿಸಿದ ದಾರ ಬಿಸಾಕೋಕೆ ಮನಸ್ಸು ಬರಲಿಲ್ಲ. ಒಟ್ಟು ಮಾಡುತ್ತಾ ಬಟ್ಟೆ ನೋಡುತ್ತಲೇ ಇದ್ದೆ. ನೋಡುತ್ತಾ ನೋಡುತ್ತಾ ಗುರುತು ಸಿಕ್ಕಿತು. ಎಡಗಡೆ ಗಿಡ್ಡಕ್ಕೆ ನಿಂತಿದ್ದು ನಾನು ಹುಡುಗಿಯಾಗಿದ್ದಾಗ ತುಳಿದು ಕಾಲು ಚುಚ್ಚಿಸಿಕೊಂಡ ಕೂಳೆ! ಭತ್ತ ಕುಯ್ದ ಮೇಲೆ ಗದ್ದೆಯಲ್ಲಿ ಉಳಿಯುವ ಮೋಟು ಕಡ್ಡಿಗಳು. ಬಲಗಡೆ ಇನ್ನೂ ನಿಂತ ಪೈರು.

"ಕೂಸೇ, ಇಲ್ಲಿ ಬಾ. ಇದು ಹಾಳಾಗಿಲ್ಲ ಕಣವ್ವಾ. ಕುಯ್ಲು ನಡೀತಾ ಅದೆ."

"ಸಮಾಧಾನ ಮಾಡ್ಬೇಡ ಅಜ್ಜಿ."

"ಸಮಾಧಾನ ಅಲ್ಲ. ಕುಯ್ದ ಪೈರು ಎಲ್ಲಿ ಹೋಯ್ತು ಹೇಳು?"

ಅವಳು ಕಣ್ಣು ಒರೆಸಿಕೊಂಡು ನನ್ನ ಕೈ ನೋಡಿದಳು. ಮುಷ್ಟಿಯಲ್ಲಿ ಆ ದಾರಗಳೇ ಇದ್ದವು. ಒಂದು ಹಿಡಿ ತೆಗೆದು ಮಧ್ಯಕ್ಕೆ ಎರಡು ಸುತ್ತು ಸುತ್ತಿ ಬಿಗಿದೆ. ಸೀರೆಗೆ ಹಾಕುವ ಅದೇ ಗಂಟು. ಕೂಳೆಯ ಮೇಲೆ ಅಡ್ಡ ಇಟ್ಟರೆ ಥೇಟ್ ಭತ್ತದ ಕಂತೆ. ಇಷ್ಟು ವರ್ಷ ಅವರಿವರ ಸೆರಗಿಗೆ ಕಂತೆ ಕಟ್ಟುತ್ತಿದ್ದೆನಾ ನಾನು!

ಅವಳು ಹತ್ತಿರ ಬಂದು ಕೂತಳು. "ಇನ್ನೊಂದು ಕಟ್ಟು" ಅಂದಳು. ಕಟ್ಟಿದೆ. ಅವಳು ಹೊಲಿದಳು. ಹದಿನೇಳು ಕಂತೆ ಆಯಿತು.

ಪ್ರದರ್ಶನದ ದಿನ ಅವಳ ಮೇಡಂ ಬಗ್ಗಿ ಬಗ್ಗಿ ನೋಡಿದರು. ಫ್ಯಾನು ಗಾಳಿಗೆ ಬಲಗಡೆ ಪೈರು ಅಲ್ಲಾಡುತ್ತಿತ್ತು, ಎಡಗಡೆ ಕೂಳೆ ಅಲ್ಲಾಡದೆ ನಿಂತಿತ್ತು.

"ಈ ಕಡೆ ಎಷ್ಟು ಸಮವಾಗಿ ಕತ್ತರಿಸಿದ್ದೀಯಾ! ಈ ಯೋಚನೆ ಹೇಗೆ ಬಂತು?"

"ಕುಯ್ದಿದ್ದು ನಾನಲ್ಲ ಮೇಡಂ" ಅಂತ ನನ್ನ ಭುಜ ಹಿಡಿದು ಮುಂದಕ್ಕೆ ತಂದಳು. "ನಮ್ಮಜ್ಜಿ. ನನ್ನ ಕೇಳದೇನೇ ಕುಯ್ದುಬುಟ್ರು."

ಮೇಡಂ ಜೋರಾಗಿ ನಕ್ಕು ಪುಸ್ತಕದಲ್ಲಿ ಏನೋ ಬರೆದುಕೊಂಡರು. ಮೊಮ್ಮಗಳು ಅದನ್ನು ಇಣುಕಿ ನೋಡಿ ನನ್ನ ಕೈ ಅದುಮಿದಳು. ಪಾಸು! ಅಲ್ಲೇ ಕುಣಿಯುವ ಹಾಗಾಯಿತು ನನಗೆ. ಮುಂದಕ್ಕೆ ಹೊರಟ ಮೇಡಂ ಸೆರಗಿನಲ್ಲಿ ಒಂದು ಎಳೆ ಜೋತಾಡುತ್ತಿತ್ತು. ನನ್ನ ಕೈ ತಾನಾಗೇ ಎದ್ದಿತು.

"ಅಜ್ಜಿ, ಬುಡು" ಅಂದಳು ಮೊಮ್ಮಗಳು, ಹಿಡಿದ ಕೈ ಬಿಡದೆ.